ಗೆಟ್: ಸಿಗುವುದು, ಆಗುವುದು

ಇಂಗ್ಲಿಷಿನ 'ಗೆಟ್' ಮೂರೇ ಅಕ್ಷರದ ಕ್ರಿಯಾಪದ. ಓದಲು ಸುಲಭ, ಹೇಳಲು ಇನ್ನೂ ಸುಲಭ. ತೊಡಕು ಶುರುವಾಗುವುದು ಅದರ ಅರ್ಥ ಹೇಳಲು ಹೊರಟಾಗ. ಕಿಸೆ ನಿಘಂಟು ತೆರೆದರೆ ಅದರ ಎದುರು 'ಪಡೆ, ಹೊಂದು, ಗಳಿಸು' ಎಂದಿರುತ್ತದೆ. ಈ ಮೂರನ್ನು ಬಾಯಿಪಾಠ ಮಾಡಿಕೊಂಡವರು ಮುಂಬಯಿಯ ಸಾಂತಾಕ್ರೂಜ್ ಸ್ಟೇಷನ್ನಿನಲ್ಲಿ ಅರ್ಧ ಗಂಟೆ ನಿಂತು ಸುತ್ತಲಿನ ಇಂಗ್ಲಿಷ್ ಮಾತಿಗೆ ಕಿವಿಗೊಟ್ಟರೆ ದಿಕ್ಕು ತಪ್ಪುವುದು ಖಂಡಿತ. ಒಬ್ಬರಿಗೆ ಸೀಟು 'ಗಾಟ್', ಇನ್ನೊಬ್ಬರಿಗೆ ತಡವಾಗಿ 'ಗೆಟಿಂಗ್ ಲೇಟ್', ಮತ್ತೊಬ್ಬರು 'ಗೆಟ್ ಡೌನ್' ಆಗಬೇಕು, ಫೋನಿನಲ್ಲಿ ಮಾತಾಡುತ್ತಿರುವವರಿಗೆ ವಿಷಯ ತಿಳಿದು 'ಗಾಟ್ ಇಟ್'. ಇವುಗಳಲ್ಲಿ ಯಾರೂ ಏನನ್ನೂ 'ಗಳಿಸಿ'ದಂತೆ ಕಾಣುವುದಿಲ್ಲ.

ಇಂಗ್ಲಿಷ್ ಪದಕ್ಕೆ ಕನ್ನಡದಲ್ಲಿ ಅರ್ಥ ಬರೆಯುವ ಕೆಲಸ ಹಳೆಯದು. ವಿಲಿಯಂ ರೀವ್ ಅವರ ಇಂಗ್ಲಿಷ್–ಕನ್ನಡ ನಿಘಂಟು 1824ರಲ್ಲಿ ಮದ್ರಾಸಿನಲ್ಲಿ ಅಚ್ಚಾಯಿತು. ಮೈಸೂರು ವಿಶ್ವವಿದ್ಯಾಲಯದ ಇಂಗ್ಲಿಷ್–ಕನ್ನಡ ನಿಘಂಟು 1946ರಲ್ಲಿ ಹೊರಬಂತು. ದೊಡ್ಡ ನಿಘಂಟುಗಳಿಗೆ 'ಗೆಟ್'ನಂಥ ಪದಕ್ಕೆ ಪುಟಗಟ್ಟಲೆ ಜಾಗ ಕೊಡುವ ಅನುಕೂಲವಿದೆ. ಹೊಸದಾಗಿ ಕಲಿಯುವವರಿಗೆ ಆ ಪುಟಗಳನ್ನು ಓದುವ ಪುರುಸೊತ್ತಿಲ್ಲ. ಮುಂಬಯಿಯಲ್ಲಂತೂ ಇದು ಮೊದಲಿನಿಂದ ಇದ್ದ ಕಷ್ಟ. ದಕ್ಷಿಣ ಕನ್ನಡ, ಉಡುಪಿ ಕಡೆಯಿಂದ ಬಂದ ಹುಡುಗರು ಹಗಲು ಹೋಟೆಲಿನಲ್ಲೋ ಕ್ಯಾಂಟೀನಿನಲ್ಲೋ ದುಡಿದು ಸಂಜೆ ಪುಸ್ತಕ ಹಿಡಿಯುತ್ತಿದ್ದ ಕಾಲದಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ, ಬಿಲ್ಲವರ ಅಸೋಸಿಯೇಷನ್ ಮುಂತಾದ ಸಂಘಗಳು ಅವರಿಗಾಗಿ ರಾತ್ರಿ ಶಾಲೆಗಳನ್ನು ನಡೆಸಿದವು. ಬಿಲ್ಲವರ ಅಸೋಸಿಯೇಷನ್ನಿನ ಬಿಲ್ಲವ ಭವನ ಇರುವುದು ಸಾಂತಾಕ್ರೂಜ್ ಪೂರ್ವದಲ್ಲೇ. ರಾತ್ರಿ ಶಾಲೆಯ ವಿದ್ಯಾರ್ಥಿಗೆ ಬೇಕಾಗಿದ್ದದ್ದು ಮಾರನೆಯ ಬೆಳಿಗ್ಗೆ ಗಿರಾಕಿಯ ಎದುರು ನಡೆಯುವ ಇಂಗ್ಲಿಷು. ಆ ಇಂಗ್ಲಿಷಿನಲ್ಲಿ 'ಗೆಟ್' ಇಲ್ಲದೆ ನಾಲ್ಕು ವಾಕ್ಯ ಮುಂದೆ ಹೋಗುವುದು ಕಷ್ಟ.

ಅರ್ಥಕ್ಕೆ ಮೊದಲು ಉಚ್ಚಾರ. ಇಲ್ಲಿ ಕನ್ನಡಿಗರಿಗೆ ಒಂದು ಅನುಕೂಲವಿದೆ, ಅದು ಹೆಚ್ಚಿನವರ ಗಮನಕ್ಕೆ ಬಂದಿಲ್ಲ. ಕನ್ನಡದಲ್ಲಿ ಎಕಾರ ಎರಡು: ಎ ಹ್ರಸ್ವ, ಏ ದೀರ್ಘ. 'ಎಡೆ' ಬೇರೆ, 'ಏಡಿ'ಯ ಏಕಾರ ಬೇರೆ. ಆದ್ದರಿಂದ ಪಡೆಯುವ 'ಗೆಟ್' ಮತ್ತು ಬಾಗಿಲಿನ 'ಗೇಟ್' ಕನ್ನಡ ಲಿಪಿಯಲ್ಲಿ ತಾವಾಗಿಯೇ ಬೇರೆ ಬೇರೆ ನಿಲ್ಲುತ್ತವೆ. ಹಿಂದಿ, ಮರಾಠಿಗಳ ರೂಢಿಯ ಬರವಣಿಗೆಯಲ್ಲಿ ಏಕಾರಕ್ಕೆ ಒಂದೇ ಗುರುತು. ಎರಡು ಪದಗಳೂ ಒಂದೇ ಬರಹಕ್ಕೆ ಇಳಿಯುತ್ತವೆ. ತುಳು ಮನೆಮಾತಿನವರಿಗೂ ಹ್ರಸ್ವ–ದೀರ್ಘದ ಈ ಭೇದ ನಾಲಿಗೆಗೆ ಬಂದದ್ದೇ. ಎಚ್ಚರ ಬೇಕಾದದ್ದು ಕೊನೆಯಲ್ಲಿ. ಕನ್ನಡದ ನಾಲಿಗೆ ವ್ಯಂಜನದಲ್ಲಿ ಮಾತು ಮುಗಿಸಲು ಒಪ್ಪದೆ ಒಂದು ಉಕಾರ ಅಂಟಿಸಿ 'ಗೆಟ್ಟು' ಮಾಡುತ್ತದೆ. ಬಸ್ಸು, ಕಾರು, ರೈಲು ಎಲ್ಲವೂ ಹಾಗೇ ಕನ್ನಡವಾದವು, ಅದರಲ್ಲಿ ತಪ್ಪೇನಿಲ್ಲ. ಇಂಗ್ಲಿಷ್ ಮಾತಾಡುವಾಗ ಮಾತ್ರ ಆ ಉಕಾರವನ್ನು ಬಿಡಬೇಕು.

ಇನ್ನು ಅರ್ಥ. 'ಗೆಟ್'ಗೆ ಕನ್ನಡದಲ್ಲಿ ಅತಿ ಹತ್ತಿರದ ಪದ 'ಪಡೆ' ಅಲ್ಲ, 'ಸಿಗು'. ಪದವಿ ಪಡೆಯುತ್ತಾರೆ, ಪ್ರಶಸ್ತಿ ಪಡೆಯುತ್ತಾರೆ. ಆದರೆ ಲೋಕಲ್ ಗಾಡಿಯಲ್ಲಿ ಸೀಟನ್ನು ಯಾರೂ ಪಡೆಯುವುದಿಲ್ಲ. ಸೀಟು ಸಿಗುತ್ತದೆ. ಇಂಗ್ಲಿಷಿನವರು ಅದನ್ನೇ 'ಐ ಗಾಟ್ ಎ ಸೀಟ್' ಎನ್ನುತ್ತಾರೆ. ಎರಡೂ ವಾಕ್ಯಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. 'ನನಗೆ ಸೀಟು ಸಿಕ್ಕಿತು' ಎಂಬಲ್ಲಿ ಕೆಲಸ ಮಾಡಿದ್ದು ಸೀಟು, ಸಿಕ್ಕಿದ್ದು ಅದು. ಮನುಷ್ಯ 'ನನಗೆ' ಎಂದು ಚತುರ್ಥಿ ವಿಭಕ್ತಿಯಲ್ಲಿ, ಬಂದದ್ದನ್ನು ಬರಮಾಡಿಕೊಳ್ಳುವವನಂತೆ ಬದಿಗೆ ನಿಂತಿದ್ದಾನೆ. ಇಂಗ್ಲಿಷ್ ವಾಕ್ಯದಲ್ಲಿ ಮನುಷ್ಯನೇ ಕರ್ತೃ, ಸೀಟು ಕರ್ಮ. ನಡೆದ ಸಂಗತಿ ಒಂದೇ, ಹೇಳುವ ದಿಕ್ಕು ತಿರುಗುಮುರುಗು.

ಇದೇ ದಿಕ್ಕಿನ ಗೊಂದಲದಿಂದ ಮುಂಬಯಿಯಲ್ಲಿ ದಿನಾ ಕೇಳಿಬರುವ ಒಂದು ತಪ್ಪು ಹುಟ್ಟಿದೆ. 'ನೆಟ್‌ವರ್ಕ್ ಈಸ್ ನಾಟ್ ಗೆಟಿಂಗ್', 'ಟ್ಯಾಕ್ಸಿ ಈಸ್ ನಾಟ್ ಗೆಟಿಂಗ್'. 'ಟ್ಯಾಕ್ಸಿ ಸಿಗ್ತಾ ಇಲ್ಲ' ಎಂಬುದನ್ನು ಪದಕ್ಕೆ ಪದ ಇಟ್ಟು ಕಟ್ಟಿದ ವಾಕ್ಯ ಇದು. ಕನ್ನಡದಲ್ಲಿ ಟ್ಯಾಕ್ಸಿ ತಾನೇ ಸಿಗಬಲ್ಲದು, ಇಂಗ್ಲಿಷಿನಲ್ಲಿ ಅದು ತಾನೇ 'ಗೆಟ್' ಆಗಲಾರದು. ಯಾರೋ ಒಬ್ಬರು ಅದನ್ನು 'ಗೆಟ್' ಮಾಡಬೇಕು: 'ಐ ಆ್ಯಮ್ ನಾಟ್ ಗೆಟಿಂಗ್ ಎ ಟ್ಯಾಕ್ಸಿ'. ಹಿಂದಿಯ 'ಮಿಲ್ನಾ', ಮರಾಠಿಯ 'ಮಿಳಣೆ' ಕೂಡ ಕನ್ನಡದ ಸಿಗುವಿನ ದಿಕ್ಕಿನವೇ. ಹಾಗಾಗಿ ಈ ತಪ್ಪಿನಲ್ಲಿ ಇಡೀ ನಗರಕ್ಕೆ ಪಾಲಿದೆ. ಕಲಿಯುವವರು ನೆನಪಿಡಬೇಕಾದ ಕ್ರಮ ಸರಳ: ಕನ್ನಡ ವಾಕ್ಯದಲ್ಲಿ 'ನನಗೆ, ಅವನಿಗೆ, ಅಮ್ಮನಿಗೆ' ಎಂದು ಬಂದವರನ್ನು ಎತ್ತಿ ಇಂಗ್ಲಿಷ್ ವಾಕ್ಯದ ಮೊದಲಿಗೆ ಕೂರಿಸಬೇಕು. 'ಅಮ್ಮನಿಗೆ ಕಾಗದ ಬಂತು' ಎಂದರೆ 'ಮದರ್ ಗಾಟ್ ಎ ಲೆಟರ್'. ಇಲ್ಲಿ ಕನ್ನಡದ ಕ್ರಿಯೆ 'ಬರು'. ಆದರೂ ಇಂಗ್ಲಿಷಿಗೆ 'ಗೆಟ್' ಸಾಕು, ಏಕೆಂದರೆ ಮೊದಲು ಅಮ್ಮನ ಕೈಯಲ್ಲಿ ಇಲ್ಲದ ಕಾಗದ ಈಗ ಇದೆ. ಇಲ್ಲದ್ದು ಇದ್ದದ್ದಾಗುವುದೇ 'ಗೆಟ್'ನ ತಿರುಳು.

ಸಿಗುವಿಗೂ 'ಗೆಟ್'ಗೂ ನಡುವೆ ಒಂದು ಕೂದಲೆಳೆಯ ವ್ಯತ್ಯಾಸವೂ ಇದೆ. 'ಸಿಕ್ಕಿತು' ಎಂದಾಗ ಅದೃಷ್ಟದ, ಅಥವಾ ಇನ್ನೊಬ್ಬರ ಕೃಪೆಯ ಸಣ್ಣ ವಾಸನೆ ಇರುತ್ತದೆ. ದಾದರಿನ ಅಂಗಡಿಯಲ್ಲಿ ಹಣ ಕೊಟ್ಟು ಕೊಂಡ ಅಂಗಿಯನ್ನು 'ಸಿಕ್ಕಿತು' ಎಂದರೆ ಕೇಳಿದವರು ಹುಡುಕಾಟದ ಕಥೆಯೊಂದನ್ನು ನಿರೀಕ್ಷಿಸುತ್ತಾರೆ. 'ಐ ಗಾಟ್ ಎ ಶರ್ಟ್' ಎಂಬುದಕ್ಕೆ ಆ ವಾಸನೆ ಇಲ್ಲ. ಕೊಂಡದ್ದೋ, ಯಾರಾದರೂ ಕೊಟ್ಟದ್ದೋ, ಬಹುಮಾನವಾಗಿ ಬಂದದ್ದೋ, ಅದು ಏನನ್ನೂ ಹೇಳುವುದಿಲ್ಲ. ಎದುರಿಗಿರುವವರಿಗೆ ಸಂದರ್ಭದಿಂದಲೇ ಗೊತ್ತಾಗಬೇಕು. ಉಡುಪಿ ಹೋಟೆಲಿನಲ್ಲಿ ಕುಳಿತವರು ಹುಡುಗನಿಗೆ 'ಗೆಟ್ ಮಿ ಎ ಪ್ಲೇಟ್ ಆಫ್ ಇಡ್ಲಿ' ಎಂದರೆ ಅದೇ ಪದ 'ಹೋಗಿ ತಂದುಕೊಡು' ಎಂಬ ಅರ್ಥಕ್ಕೆ ತಿರುಗುತ್ತದೆ. ಒಳಗೆ ಹೋಗುವುದು, ಎತ್ತಿಕೊಳ್ಳುವುದು, ತರುವುದು, ಕೊಡುವುದು, ನಾಲ್ಕು ಕೆಲಸಗಳೂ ಆ ಒಂದು 'ಗೆಟ್'ನೊಳಗೆ ಮಡಚಿಕೊಂಡಿವೆ.

'ಸಿಗು' ಇನ್ನೊಂದು ಗುಂಡಿಯನ್ನೂ ತೋಡಿಟ್ಟಿದೆ. ಕನ್ನಡದಲ್ಲಿ ವಸ್ತುಗಳು ಸಿಗುವಂತೆ ಮನುಷ್ಯರೂ ಸಿಗುತ್ತಾರೆ: 'ನಾಳೆ ಸ್ಟೇಷನ್ನಿನಲ್ಲಿ ಸಿಗ್ತೇನೆ'. ತುಳುವಿನಲ್ಲೂ 'ತಿಕ್ಕುನಿ' ಎಂದರೆ ಸಿಗುವುದು ಮತ್ತು ಭೇಟಿಯಾಗುವುದು, ಎರಡೂ. ಹಿಂದಿಯ 'ಕಲ್ ಮಿಲೇಂಗೆ' ಅದೇ ಜಾತಿ. ಈ ಅಭ್ಯಾಸದ ಮೇಲೆ 'ಐ ವಿಲ್ ಗೆಟ್ ಯು ಟುಮಾರೊ' ಎಂದುಬಿಟ್ಟರೆ ಇಂಗ್ಲಿಷ್ ಬಲ್ಲವರು ಬೆಚ್ಚುತ್ತಾರೆ. ಇಂಗ್ಲಿಷಿನಲ್ಲಿ ಅದು ಬೆದರಿಕೆ. 'ನಾಳೆ ನಿನ್ನನ್ನು ನೋಡಿಕೊಳ್ಳುತ್ತೇನೆ' ಎಂದು ಹಲ್ಲು ಕಡಿದಂತೆ. ಭೇಟಿಗೆ ಇಂಗ್ಲಿಷಿನ ಪದ 'ಮೀಟ್' ಅಥವಾ 'ಸೀ'.

'ಗೆಟ್'ನ ಎರಡನೆಯ ದೊಡ್ಡ ಅರ್ಥ 'ಆಗು'. ಮೊದಲನೆಯ ಅರ್ಥದಲ್ಲಿ ಕೈಗೆ ವಸ್ತು ಬಂದರೆ, ಎರಡನೆಯದರಲ್ಲಿ ಸ್ಥಿತಿ ಬರುತ್ತದೆ. ಒದ್ದೆಯಾಗು 'ಗೆಟ್ ವೆಟ್', ಕತ್ತಲಾಗು 'ಗೆಟ್ ಡಾರ್ಕ್', ಮದುವೆಯಾಗು 'ಗೆಟ್ ಮ್ಯಾರೀಡ್', ಸಿಟ್ಟಾಗು 'ಗೆಟ್ ಆ್ಯಂಗ್ರಿ'. ಇದನ್ನು ಪಾಠ ಮಾಡಲು ಸಾಂತಾಕ್ರೂಜಿನಷ್ಟು ಒಳ್ಳೆಯ ಜಾಗ ಮತ್ತೊಂದಿಲ್ಲ. 2005ರ ಜುಲೈ 26, ಮಂಗಳವಾರ, ಹವಾಮಾನ ಇಲಾಖೆಯ ಸಾಂತಾಕ್ರೂಜ್ ವೀಕ್ಷಣಾಲಯ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆಯನ್ನು ಅಳೆಯಿತು. ಅದೇ ನಗರದ ದಕ್ಷಿಣ ತುದಿಯ ಕೊಲಾಬಾ ವೀಕ್ಷಣಾಲಯದಲ್ಲಿ ಅದು 75 ಮಿಲಿಮೀಟರನ್ನೂ ಮುಟ್ಟಲಿಲ್ಲ. ಮೀಠಿ ನದಿ ಉಕ್ಕಿತು, ಕಲೀನಾ ತಗ್ಗಿನಲ್ಲಿ ನೀರು ನಿಂತಿತು, ವಿಮಾನ ನಿಲ್ದಾಣ ಮುಚ್ಚಿತು, ಲೋಕಲ್ ಗಾಡಿಗಳು ಇದ್ದಲ್ಲೇ ನಿಂತವು. ಆ ದಿನದ ಜನರ ಪಾಡನ್ನು ಇಂಗ್ಲಿಷಿನಲ್ಲಿ ಹೇಳಲು ಹೊರಟರೆ 'ಗೆಟ್' ಸಾಲುಗಟ್ಟಿ ಬರುತ್ತದೆ. 'ದೇ ಗಾಟ್ ವೆಟ್': ನೆನೆದರು. 'ದೇ ಗಾಟ್ ಸ್ಟಕ್': ಸಿಕ್ಕಿಕೊಂಡರು. 'ದೇ ಗಾಟ್ ಟಯರ್ಡ್': ದಣಿದರು. 'ದೇ ಗಾಟ್ ಹೋಮ್ ದಿ ನೆಕ್ಸ್ಟ್ ಡೇ': ಮಾರನೆಯ ದಿನ ಮನೆ ಮುಟ್ಟಿದರು. ಎರಡನೆಯ ವಾಕ್ಯದಲ್ಲಿ ಕನ್ನಡ ತಾನೂ ಒಂದು ಚಮತ್ಕಾರ ಮಾಡಿದೆ. ಗಾಡಿ ಸಿಕ್ಕುವುದೂ 'ಸಿಕ್ಕು', ಗಾಡಿಯೊಳಗೆ ಸಿಕ್ಕಿಕೊಳ್ಳುವುದೂ 'ಸಿಕ್ಕು', ಕೂದಲು ಗಂಟಾಗುವುದೂ 'ಸಿಕ್ಕು'. ಒಂದು ಪದ ಹತ್ತು ಕೆಲಸ ಮಾಡುವುದು ಇಂಗ್ಲಿಷಿನ ವಿಚಿತ್ರವೆಂದು ದೂರುವವರು ತಮ್ಮ ಮನೆಯ ಈ ಪದವನ್ನೊಮ್ಮೆ ನೋಡಬೇಕು.

'ಆಗು' ಅರ್ಥದಲ್ಲಿ 'ಗೆಟ್' ಬಂದಾಗ ಅದರ ಮುಂದೆ ಗುಣವಾಚಕ ಬೇಕು, ನಾಮಪದ ಆಗದು. ಕನ್ನಡದವರು ಹೆಚ್ಚಾಗಿ ಎಡವುವುದು ಇಲ್ಲೇ. ಕನ್ನಡದಲ್ಲಿ ನಿದ್ದೆ ಬರುತ್ತದೆ, ಸಿಟ್ಟು ಬರುತ್ತದೆ, ಬೋರ್ ಆಗುತ್ತದೆ. ನಿದ್ದೆ, ಸಿಟ್ಟು ನಾಮಪದಗಳು. ಬೋರ್ ಎಂಬ ಎರವಲು ಪದವನ್ನೂ ಕನ್ನಡ ಹಾಗೇ ಬಳಸುತ್ತದೆ. ಹಾಗಾಗಿ 'ಐ ಆ್ಯಮ್ ಗೆಟಿಂಗ್ ಸ್ಲೀಪ್', 'ಐ ಆ್ಯಮ್ ಗೆಟಿಂಗ್ ಬೋರ್' ಎಂಬ ವಾಕ್ಯಗಳು ನಾಲಿಗೆಗೆ ಸಲೀಸಾಗಿ ಬರುತ್ತವೆ. ಸರಿಯಾದವು 'ಗೆಟಿಂಗ್ ಸ್ಲೀಪಿ', 'ಗೆಟಿಂಗ್ ಬೋರ್ಡ್'. ಮೊದಲನೆಯದರ ಕೊನೆಯಲ್ಲಿ ಒಂದು ಇಕಾರ, ಎರಡನೆಯದರ ಕೊನೆಯಲ್ಲಿ ಒಂದು ಡಕಾರ, ವ್ಯತ್ಯಾಸ ಅಷ್ಟೇ. ಕಾಯಿಲೆಗಳಿಗೆ ಈ ನಿಯಮ ಬಿಗಿಯಲ್ಲ. ಜ್ವರ ಒಂದು ವಸ್ತುವೆಂಬಂತೆ ಇಂಗ್ಲಿಷಿನವರೂ 'ಗಾಟ್ ಎ ಫೀವರ್' ಎನ್ನುತ್ತಾರೆ.

'ಗೆಟಿಂಗ್ ಲೇಟ್' ಬೇರೆಯಾಗಿ ನೋಡಬೇಕಾದ ಮಾತು. 'ನನಗೆ ತಡವಾಗ್ತಾ ಇದೆ' ಎನ್ನಲು ಭಾರತದುದ್ದಕ್ಕೂ 'ಐ ಆ್ಯಮ್ ಗೆಟಿಂಗ್ ಲೇಟ್' ಎನ್ನುತ್ತಾರೆ, ಎಲ್ಲರಿಗೂ ತಿಳಿಯುತ್ತದೆ. ಬ್ರಿಟಿಷರ ರೂಢಿಯಲ್ಲಿ ಆಗುವುದು ಹೊತ್ತು: 'ಇಟ್ ಈಸ್ ಗೆಟಿಂಗ್ ಲೇಟ್' ಎಂದರೆ ಹೊತ್ತಾಯಿತು, ರಾತ್ರಿಯಾಗುತ್ತಿದೆ. ಮನುಷ್ಯನಿಗೆ ತಡವಾದರೆ 'ಐ ಆ್ಯಮ್ ಲೇಟ್' ಎಂದರೆ ಸಾಕು. ಪರೀಕ್ಷೆ ಬರೆಯುವವರಿಗೆ ಈ ಭೇದ ಬೇಕು. ಸ್ಟೇಷನ್ನಿನ ಮೆಟ್ಟಿಲು ಹತ್ತುತ್ತಾ ಓಡುವವರಿಗೆ ಬೇಕಿಲ್ಲ.

ಮೂರನೆಯ ಅರ್ಥ ಚಲನೆ: ಒಂದು ಜಾಗದಿಂದ ಇನ್ನೊಂದಕ್ಕೆ ತಲುಪುವುದು. 'ಹೌ ಡು ಐ ಗೆಟ್ ಟು ಕಲೀನಾ?' ಎಂದರೆ ಕಲೀನಾಕ್ಕೆ ಹೋಗುವುದು ಹೇಗೆ ಎಂದು. ಅಲ್ಲಿ ಮುಂಬಯಿ ವಿಶ್ವವಿದ್ಯಾಲಯದ ವಿದ್ಯಾನಗರಿ ಆವರಣವಿದೆ, ಅದರೊಳಗೆ ಕನ್ನಡ ವಿಭಾಗವೂ ಇದೆ. ಹಾಗಾಗಿ ಈ ಪ್ರಶ್ನೆಯನ್ನು ಕನ್ನಡಿಗರು ಕೇಳುವ ಸಂದರ್ಭ ಉಂಟು. ಜಾಗದ ಹೆಸರಿನ ಹಿಂದೆ 'ಟು' ಬೇಕು. 'ಹೋಮ್, ಹಿಯರ್, ದೇರ್' ಎಂಬ ಮೂರರ ಹಿಂದೆ ಬೇಡ. 'ಗೆಟ್ ಟು ಹೋಮ್' ತಪ್ಪು. 'ಗೆಟ್ ಹೋಮ್' ಸರಿ. ಕನ್ನಡದಲ್ಲಿಯೂ 'ಮನೆಗೆ ಸೇರಿದೆ' ಎನ್ನುವುದಕ್ಕಿಂತ 'ಮನೆ ಸೇರಿದೆ' ಎಂದರೇ ಕಿವಿಗೆ ಹಿತ.

ಈ ಅರ್ಥಕ್ಕೆ ಸೇರಿದ್ದೇ ವಾಹನ ಹತ್ತುವ, ಇಳಿಯುವ ಮಾತು. ಕನ್ನಡದ ಎರಡು ಕ್ರಿಯಾಪದಗಳು ಬಸ್ಸು, ರೈಲು, ರಿಕ್ಷಾ, ಕುದುರೆ, ಮರ ಎಲ್ಲಕ್ಕೂ ಸಾಲುತ್ತವೆ: ಹತ್ತು, ಇಳಿ. ಇಂಗ್ಲಿಷು ವಾಹನ ನೋಡಿ ಮಾತಾಡುತ್ತದೆ. ಒಳಗೆ ನಿಂತು ಓಡಾಡಬಹುದಾದ ಬಸ್ಸು, ರೈಲು, ವಿಮಾನ, ಹಡಗಿಗೆ 'ಗೆಟ್ ಆನ್', 'ಗೆಟ್ ಆಫ್'. ಬಗ್ಗಿ ನುಸುಳಿ ಕೂರಬೇಕಾದ ಕಾರು, ಟ್ಯಾಕ್ಸಿಗೆ 'ಗೆಟ್ ಇನ್', 'ಗೆಟ್ ಔಟ್'. ರಿಕ್ಷಾ ಈ ಎರಡನೆಯ ಗುಂಪಿಗೆ ಸೇರುತ್ತದೆ. ಸಾಂತಾಕ್ರೂಜಿನಲ್ಲಿ ರಿಕ್ಷಾ ಬೇಕಾದಷ್ಟಿವೆ; ಮಾಹಿಮ್ ಖಾಡಿ ದಾಟಿ ದಕ್ಷಿಣಕ್ಕೆ ಅವಕ್ಕೆ ಪ್ರವೇಶವಿಲ್ಲವಾದ್ದರಿಂದ ಅಲ್ಲಿಯವರಿಗೆ ಟ್ಯಾಕ್ಸಿಯ ಉದಾಹರಣೆಯೇ ಗತಿ. 'ಗೆಟ್ ಔಟ್' ಎಂದೊಡನೆ ಸಿನಿಮಾದ ಸಿಟ್ಟಿನ ಅಪ್ಪ ನೆನಪಾಗುವುದು ಸಹಜ, ಆದರೆ ಟ್ಯಾಕ್ಸಿಯಿಂದ ಇಳಿಯುವಾಗ ಅದರಲ್ಲಿ ಯಾವ ಸಿಟ್ಟೂ ಇಲ್ಲ.

ಹಾಗಾದರೆ ಮುಂಬಯಿ ಲೋಕಲಿನಲ್ಲಿ ಎಲ್ಲರ ಬಾಯಲ್ಲೂ ಇರುವ 'ಗೆಟ್ ಡೌನ್' ಏನು? ಬಾಗಿಲ ಬಳಿ ನಿಂತವರ ಬೆನ್ನಿಗೆ ಹಿಂದಿನಿಂದ ಪ್ರಶ್ನೆ ಬರುತ್ತದೆ: 'ಸಾಂತಾಕ್ರೂಜ್ ಉತರ್ನಾ ಹೈ ಕ್ಯಾ?' ಖಾರ್ ರೋಡ್ ಬಿಟ್ಟೊಡನೆ ಈ ವಿಚಾರಣೆ ಮುಗಿಸಿ ಜಾಗ ಬದಲಾಯಿಸಿಕೊಂಡಿರಬೇಕು. ಇಲ್ಲವಾದರೆ ವಿಲೇಪಾರ್ಲೆಯಲ್ಲೇ ಇಳಿಯುವ ಯೋಗ. ಇದನ್ನೇ ಇಂಗ್ಲಿಷಿಗೆ ತಿರುಗಿಸಿ 'ಆರ್ ಯು ಗೆಟಿಂಗ್ ಡೌನ್ ಅಟ್ ಸಾಂತಾಕ್ರೂಜ್?' ಎನ್ನುತ್ತಾರೆ. 'ಇಳಿ' ಎಂಬುದರಲ್ಲಿ ಕೆಳಕ್ಕೆ ಬರುವ ಅರ್ಥ ಅಡಗಿರುವುದರಿಂದ 'ಡೌನ್' ಬಂದಿದೆ. ಲಂಡನ್ನಿನವರು ಮರದಿಂದ, ಏಣಿಯಿಂದ, ಕುದುರೆಯಿಂದ 'ಗೆಟ್ ಡೌನ್' ಮಾಡುತ್ತಾರೆ. ರೈಲಿನಿಂದ 'ಗೆಟ್ ಆಫ್' ಮಾಡುತ್ತಾರೆ. 'ಗೆಟ್ ಡೌನ್' ಅನ್ನು ತಪ್ಪೆಂದು ಹೊಡೆದುಹಾಕುವುದು ಸುಲಭ, ನ್ಯಾಯವಲ್ಲ. ಒಂದು ಇಡೀ ದೇಶ ಪೀಳಿಗೆಗಟ್ಟಲೆ ಒಂದೇ ರೀತಿ ಆಡಿದ ಮಾತು ಆ ದೇಶದ ಇಂಗ್ಲಿಷೇ ಆಗುತ್ತದೆ. ಹೊರದೇಶಕ್ಕೆ ಹೋಗುವವರು 'ಗೆಟ್ ಆಫ್' ಎಂಬುದನ್ನೂ ಕಲಿತಿರುವುದು ಒಳ್ಳೆಯದು.

ನಾಲ್ಕನೆಯದು ಕನ್ನಡದ 'ಇಸು' ಪ್ರತ್ಯಯದ ಕೆಲಸ. ಹೊಲಿ–ಹೊಲಿಸು, ಮಾಡು–ಮಾಡಿಸು, ಬರೆ–ಬರೆಸು. ಇನ್ನೊಬ್ಬರ ಕೈಯಿಂದ ಕೆಲಸ ಮಾಡಿಸಿಕೊಳ್ಳುವುದನ್ನು ಕನ್ನಡ ಎರಡಕ್ಷರದ ಬಾಲದಲ್ಲಿ ಮುಗಿಸುತ್ತದೆ. ಇಂಗ್ಲಿಷಿಗೆ ಅಂಥ ಬಾಲವಿಲ್ಲ. ಅದು 'ಗೆಟ್' ಎಂಬ ಕಂಬ ನೆಟ್ಟು ವಾಕ್ಯ ಕಟ್ಟುತ್ತದೆ. 'ಅಂಗಿ ಹೊಲಿಸಿದೆ' ಎಂದರೆ 'ಐ ಗಾಟ್ ಎ ಶರ್ಟ್ ಸ್ಟಿಚ್ಡ್'. ಮೊದಲು 'ಗಾಟ್', ಆಮೇಲೆ ವಸ್ತು, ಕೊನೆಗೆ ಆಗಿಹೋದ ಕೆಲಸವನ್ನು ಹೇಳುವ ಕ್ರಿಯಾರೂಪ. ಈ ಕ್ರಮ ತಪ್ಪಿ 'ಐ ಸ್ಟಿಚ್ಡ್ ಎ ಶರ್ಟ್' ಎಂದರೆ ಮಾತಾಡಿದವರೇ ದರ್ಜಿ ಎಂದಾಗುತ್ತದೆ. 'ಐ ಕಟ್ ಮೈ ಹೇರ್' ಎಂದರೆ ಕನ್ನಡಿಯ ಮುಂದೆ ತಾವೇ ಕತ್ತರಿ ಹಿಡಿದಂತೆ. ಕೂದಲು ಕತ್ತರಿಸಿಕೊಂಡು ಬಂದೆ ಎನ್ನಲು 'ಐ ಗಾಟ್ ಮೈ ಹೇರ್ ಕಟ್'. ಕೆಲಸ ಮಾಡಿದವರನ್ನು ಹೆಸರಿಸಬೇಕಾದರೆ ವಾಕ್ಯ ಸ್ವಲ್ಪ ಬದಲಾಗುತ್ತದೆ: 'ಐ ಗಾಟ್ ದಿ ಟೈಲರ್ ಟು ಸ್ಟಿಚ್ ಇಟ್'. ಇದರಲ್ಲಿ ದರ್ಜಿಯನ್ನು ಒಪ್ಪಿಸಿದ ಶ್ರಮವೂ ಸೂಚಿತವಾಗುತ್ತದೆ. ಹಬ್ಬದ ಹಿಂದಿನ ವಾರ ದರ್ಜಿಯ ಅಂಗಡಿಗೆ ಅಲೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನುಳಿದವು ಚಿಕ್ಕವು. 'ಐ ಗಾಟ್ ಇಟ್' ಎಂದರೆ ಗೊತ್ತಾಯಿತು, ತಿಳಿಯಿತು. 'ಗಾಟ್'ಗೂ ಕನ್ನಡದ 'ಗೊತ್ತು'ವಿಗೂ ದನಿಯಲ್ಲಿ ಹೋಲಿಕೆ ಇದೆ, ಅದು ಬರೀ ಕಾಕತಾಳೀಯ. 'ಗೆಟ್' ಸುಮಾರು 1200ರ ಹೊತ್ತಿಗೆ ಸ್ಕ್ಯಾಂಡಿನೇವಿಯದ ಹಳೆಯ ನಾರ್ಸ್ ಭಾಷೆಯ 'ಗೆಟಾ' ಎಂಬ ಪದದಿಂದ ಇಂಗ್ಲಿಷಿಗೆ ಬಂತು. ಹಳೆಯ ಇಂಗ್ಲಿಷಿನಲ್ಲಿ ಅದರ ದಾಯಾದಿ ಪದ ಒಂಟಿಯಾಗಿ ಹೆಚ್ಚು ಕಾಣದೆ ಜೋಡಿಪದಗಳ ಒಳಗೆ ಬದುಕಿತ್ತು. ಇಂದಿನ 'ಫರ್ಗೆಟ್'ನ ಬಾಲದಲ್ಲಿ ಇರುವುದು ಅದೇ. ಕೈಗೆ ಸಿಕ್ಕದ್ದು ಜಾರಿಹೋಗುವುದೇ ಮರೆವು. 'ಹ್ಯಾವ್ ಗಾಟ್' ಎಂದರೆ ಬರೀ 'ಇದೆ': 'ಐ ಹ್ಯಾವ್ ಗಾಟ್ ಎ ಪಾಸ್', ನನ್ನ ಹತ್ತಿರ ಪಾಸ್ ಇದೆ. ಅದಕ್ಕೆ 'ಟು' ಸೇರಿಸಿದರೆ 'ಲೇಬೇಕು': 'ಐ ಹ್ಯಾವ್ ಗಾಟ್ ಟು ಗೋ', ಹೋಗಲೇಬೇಕು.

ರೂಪಗಳು: ಇಂದಿಗೆ 'ಗೆಟ್', ಅವನು–ಅವಳು ಬಂದಾಗ 'ಗೆಟ್ಸ್', ನಡೆಯುತ್ತಿರುವಾಗ 'ಗೆಟಿಂಗ್', ನಿನ್ನೆಗೆ 'ಗಾಟ್'. 'ಹ್ಯಾವ್' ಜೊತೆ ಬ್ರಿಟಿಷರು 'ಗಾಟ್' ಎಂದೇ ಹೇಳುತ್ತಾರೆ, ಅಮೆರಿಕದವರು ಹಲವು ಕಡೆ 'ಗಾಟನ್' ಎನ್ನುತ್ತಾರೆ. ಅಮೆರಿಕದ ರೂಪವೇ ಹಳೆಯದು. ಇಂಗ್ಲೆಂಡು ಅದನ್ನು ಕೈಬಿಟ್ಟಿತು. ಭಾರತದ ಶಾಲೆಗಳಲ್ಲಿ ಕಲಿಸುವುದು 'ಗಾಟ್'.

ಅರ್ಜಿ, ಕಚೇರಿ ಪತ್ರ, ಬ್ಯಾಂಕಿನ ಕಾಗದಗಳಲ್ಲಿ 'ಗೆಟ್' ಅಷ್ಟಾಗಿ ಒಗ್ಗುವುದಿಲ್ಲ. 'ಐ ಗಾಟ್ ಯುವರ್ ಲೆಟರ್' ಸ್ನೇಹಿತರಿಗೆ ಸರಿ. ಕಲೀನಾದ ವಿಶ್ವವಿದ್ಯಾಲಯದ ಕಚೇರಿಗೆ ಬರೆಯುವಾಗ 'ಐ ಹ್ಯಾವ್ ರಿಸೀವ್ಡ್ ಯುವರ್ ಲೆಟರ್'. ಅಂಕಪಟ್ಟಿಯನ್ನು 'ಗೆಟ್' ಮಾಡುವ ಬದಲು 'ಅಬ್‌ಟೇನ್' ಮಾಡುವುದು ಅಲ್ಲಿಯ ಮರ್ಯಾದೆ. ಕಿಸೆ ನಿಘಂಟಿನ 'ಪಡೆ, ಹೊಂದು' ಎಂಬ ಅರ್ಥಗಳು ನಿಜವಾಗಿ ಸಲ್ಲಬೇಕಾದದ್ದು ಈ ಎರಡು ಪದಗಳಿಗೆ: ಪತ್ರವನ್ನು ಪಡೆಯಲಾಗಿದೆ, ಅಂಕಪಟ್ಟಿಯನ್ನು ಹೊಂದತಕ್ಕದ್ದು.